ನೇವಿ ಕಾಕಾ ಉತ್ತರಿಸದ ಒಂದು ಕಾಗದ

ದೇಹೂ ರೋಡ್ ಪಕ್ಕಾ ಭೂಸೈನ್ಯದ ಊರು. ಓಣಿಗೊಬ್ಬ ನಿವೃತ್ತ ಹವಾಲ್ದಾರ, ಎರಡು ಓಣಿಗೊಬ್ಬ ಸುಬೇದಾರ ಸಿಗುತ್ತಾನೆ. ಸಮುದ್ರ ಕಂಡವರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಅಂಥ ಊರಿಗೆ ೧೯೯೧ರಲ್ಲಿ ಬಂದು, ಎರಡು ಕೋಣೆಯ ಮನೆ ಕೊಂಡು, ಪಡಸಾಲೆಯಲ್ಲಿ ಕಬ್ಬಿಣದ ಮೇಜು ಹಾಕಿ ಕೂತವನು ಹೊಳಬಸಪ್ಪ. ಅಥಣಿ ಕಡೆಯವನು. ನೌಕಾದಳದಲ್ಲಿ ಇಪ್ಪತ್ತೇಳು ವರ್ಷ ಕಳೆದವನು. ತೋಪು ಹಾರಿಸಿದವನಲ್ಲ, ಹಾರಿಸಿದೆ ಎಂದು ಬಡಾಯಿ ಕೊಚ್ಚಿದವನೂ ಅಲ್ಲ. ಅವನದು ರೈಟರ್ ಕೆಲಸ, ಅಂದರೆ ಹಡಗಿನ ಗುಮಾಸ್ತಿಕೆ. ನಾವಿಕರ ಪಗಾರ, ರಜೆ, ಹೆಂಡಿರು ಮಕ್ಕಳ ಹೆಸರು ಎಲ್ಲವನ್ನೂ ಫಾರ್ಮುಗಳಲ್ಲಿ ತುಂಬಿ ಇಡುವುದು.

ನಿವೃತ್ತನಾದ ಮನುಷ್ಯ ಪೇಪರು ಓದಿಕೊಂಡು, ಸಂಜೆ ಗುಡಿಯ ಕಟ್ಟೆಗೆ ಹೋಗಿಬಂದು ಹಾಯಾಗಿ ಇರಬಹುದಿತ್ತು. ಆದರೆ ಮೊದಲ ವರ್ಷವೇ ಎದುರು ಮನೆಯ ಹವಾಲ್ದಾರನ ಪೆನ್ಶನ್ ಯಾವುದೋ ದಫ್ತರಿನಲ್ಲಿ ಸಿಕ್ಕಿಕೊಂಡಿತು. ಹೊಳಬಸಪ್ಪ ಪುಣೆಯ ಜುನಾ ಬಜಾರಿಗೆ ಹೋಗಿ ಹಳೆಯ ಟೈಪ್‌ರೈಟರ್ ಹೊತ್ತು ತಂದ, ಮೂರು ಅರ್ಜಿ ಬಡಿದ. ನಾಲ್ಕನೇ ತಿಂಗಳಿಗೆ ಹವಾಲ್ದಾರನ ಹಣ ಬಂತು. ಆಮೇಲೆ ಕೇಳಬೇಕೇ? ಬೆಳಗಾದರೆ ಮೇಜಿನ ಮುಂದೆ ಸರತಿ. ಕಾಲು ಕಳೆದುಕೊಂಡವರು, ಕಾಗದ ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹೊಳಬಸಪ್ಪ ಸ್ವತಃ ಅಂಥ ಪೂಜಾರಿಯಾಗಿದ್ದವನು. ಯಾವ ಪೂಜಾರಿಯ ಜುಟ್ಟು ಎಲ್ಲಿ ಸಿಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನವೆಂಬರಿನಲ್ಲಿ 'ಬದುಕಿದ್ದೇನೆ' ಎಂದು ಬರೆದುಕೊಡುವ ದಾಖಲೆಯ ಹಂಗಾಮು ಬಂತೆಂದರೆ, ಎದ್ದು ಬರಲಾಗದ ಮುದುಕರ ಮನೆಗೆ ತಾನೇ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದ. ಊರವರು ಅವನಿಗೆ ನೇವಿ ಕಾಕಾ ಎಂದು ಹೆಸರಿಟ್ಟರು. ಪುಣೆಯಲ್ಲಿ ಸಮುದ್ರವೆಲ್ಲಿದೆ ಎಂದು ಮೊದಮೊದಲು ನಗುತ್ತಿದ್ದವರೂ ಆಮೇಲೆ ತಮ್ಮ ಕಡತ ಹಿಡಿದುಕೊಂಡು ಬಂದರು.

ಅವನ ಹೆಂಡತಿ ಶಿವಬಸವ್ವ ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಸಣ್ಣಗಾದಳು, ಆದರೆ ಗಂಡನ ಮೇಲೆ ಅವಳಿಗೆ ಒಳಗೊಳಗೇ ಹೆಮ್ಮೆ. ಹೊಳಬಸಪ್ಪ ಯಾರಿಂದಲೂ ಒಂದು ತೆಂಗಿನಕಾಯಿ ಕೂಡ ಮುಟ್ಟುತ್ತಿರಲಿಲ್ಲ. ಯಾರಾದರೂ 'ದೇವಮಾಣೂಸ', ದೇವರಂಥ ಮನುಷ್ಯ, ಎಂದು ಕಾಲಿಗೆ ಬೀಳಲು ಬಂದರೆ ಸಿಡುಕಿಬಿಡುತ್ತಿದ್ದ. ಎಂಥ ನಿಗರ್ವಿ ಎಂದು ಜನ ಮತ್ತಷ್ಟು ಹೊಗಳುತ್ತಿದ್ದರು. ಜನಕ್ಕೇನು, ಸಿಡುಕಿನ ಬೇರು ಎಲ್ಲಿದೆ ಎಂದು ಅವರು ಅಗೆದು ನೋಡುತ್ತಾರೆಯೇ? ಅದು ಗೊತ್ತಿದ್ದವನು ಹೊಳಬಸಪ್ಪ ಒಬ್ಬನೇ. ಯಾವ ವಿಧವೆಯ ಕಡತ ತೆರೆದರೂ ಅವನಿಗೆ ಇನ್ನೊಬ್ಬಳ ನೆನಪಾಗುತ್ತಿತ್ತು. ಅವಳ ಕಾಗದ ಅವನ ಟ್ರಂಕಿನ ತಳದಲ್ಲಿ, ಬಿಳಿಯ ಯೂನಿಫಾರ್ಮಿನ ಕೆಳಗೆ ಇತ್ತು.

ಅವಳ ಹೆಸರು ಭೀಮವ್ವ. ಹೊಳಬಸಪ್ಪನ ಓಣಿಯ ಹುಡುಗಿ. ತಾಯಿಯಿಲ್ಲದವಳು, ಹೊಳಬಸಪ್ಪನ ಅವ್ವನ ಕೈಯ ರೊಟ್ಟಿ ತಿಂದೇ ಬೆಳೆದಳು, ಅವನನ್ನು ಅಣ್ಣಾ ಎಂದೇ ಕರೆದಳು. ಹಡಗಿನಲ್ಲಿ ಅವನಿಗೊಬ್ಬ ಜೀವದ ಗೆಳೆಯನಿದ್ದ, ಇಂದಾಪುರ ತಾಲೂಕಿನ ಪ್ರಲ್ಹಾದ. ಇಂಜಿನ್ ಕೋಣೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಸ್ಟೋಕರ್. ರಜೆ ಮುಗಿಸಿ ಬರುವಾಗ ಹೊಳಬಸಪ್ಪ ಕಟ್ಟಿ ತರುತ್ತಿದ್ದ ಕಟಕರೊಟ್ಟಿಗೂ ಶೇಂಗಾ ಹಿಂಡಿಗೂ ಮೊದಲ ಪಾಲುದಾರ ಅವನೇ. ಭೀಮವ್ವನದೂ ಪ್ರಲ್ಹಾದನದೂ ಒಂದೇ ಜಾತಿಯ ಮನೆತನ, ಭಾಷೆ ಮಾತ್ರ ಬೇರೆ. ಗಡಿಸೀಮೆಯಲ್ಲಿ ಅದೇನು ದೊಡ್ಡ ಮಾತಲ್ಲ. ಹೊಳಬಸಪ್ಪನೇ ನಡುವೆ ನಿಂತು ಸಂಬಂಧ ಕುದುರಿಸಿದ. ೧೯೭೧ರ ಬೇಸಗೆಯಲ್ಲಿ ಮದುವೆಯಾಯಿತು. ರಜೆ ಸಿಗದೆ ಹೊಳಬಸಪ್ಪನೊಬ್ಬ ಹೋಗಲಿಲ್ಲ.

ಪ್ರಲ್ಹಾದನ ಮನೆಯಲ್ಲಿ ಒಂದು ಪದ್ಧತಿ. ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಕಡೆಯವರು ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಬೆರಳಿನಿಂದ ಆ ಹೆಸರು ಬರೆದನೆಂದರೆ ತವರಿನ ಹೆಸರು ಅಲ್ಲಿಗೆ ಮುಗಿಯಿತು. ಆ ದಿನ ಭೀಮವ್ವ ಮುಕ್ತಾ ಆದಳು. ಹೊಳಬಸಪ್ಪನ ಮನೆತನದಲ್ಲಿ ಈ ಪದ್ಧತಿಯಿರಲಿಲ್ಲ, ಅವನಿಗದು ಹೊಳೆಯಲೂ ಇಲ್ಲ. ಪ್ರಲ್ಹಾದನೋ, ಹೆಂಡತಿಯ ಹೆಸರನ್ನು ಪರರ ಮುಂದೆ ಬಾಯಿಬಿಟ್ಟು ಹೇಳುವುದೇ ನಾಚಿಕೆಗೇಡು ಎಂದುಕೊಂಡ ಮನೆಯ ಮಗ. 'ಮನೆಯಿಂದ ಕಾಗದ ಬಂದಿದೆ' ಅನ್ನುತ್ತಿದ್ದನೇ ಹೊರತು ಯಾರಿಂದ ಎಂದು ಹೇಳುತ್ತಿರಲಿಲ್ಲ.

ಆ ವರ್ಷದ ಕೊನೆಗೆ ಯುದ್ಧ ಬಂತು. ಹಡಗು ಬಂದರು ಬಿಡುವ ಮುಂಚೆ ಎಲ್ಲ ನಾವಿಕರ ವಾರಸುದಾರರ ಹೆಸರು ಕಾಗದದ ಮೇಲೆ ಪಕ್ಕಾ ಆಗಬೇಕು, ಸಮಯ ಎರಡೇ ದಿನ ಎಂದು ಹುಕುಮಾಯಿತು. ಪ್ರಲ್ಹಾದ ಇಂಜಿನ್ ಕೋಣೆ ಬಿಟ್ಟು ಮೇಲೆ ಬರುವಂತಿರಲಿಲ್ಲ. ಹೊಳಬಸಪ್ಪ ಗೆಳೆಯನ ಫಾರ್ಮನ್ನು ತಾನೇ ತುಂಬಿದ. ಹೆಂಡತಿಯ ಹೆಸರು: ಭೀಮವ್ವ. ಕೆಳಗೆ ಇನ್ನೊಂದು ಕಲಮು, 'ಮದುವೆಯ ದಾಖಲೆಯನ್ನು ನೋಡಿದ್ದೇನೆ' ಎಂದು. ತಾನೇ ಕುದುರಿಸಿದ ಮದುವೆಗೆ ದಾಖಲೆ ಏನು ನೋಡುವುದು? ಸರಿ ಗುರುತು ಹಾಕಿ ಸಹಿ ಮಾಡಿದ. ಆಮೇಲೆ ಏಣಿಯಿಳಿದು ಹೋಗಿ 'ಇಲ್ಲಿ ಸಹಿ ಮಾಡು' ಎಂದ. ಪ್ರಲ್ಹಾದ ಎಣ್ಣೆಗೈಯನ್ನು ಚಡ್ಡಿಗೆ ಒರೆಸಿಕೊಂಡು, ಓದದೆ ಸಹಿ ಹಾಕಿದ. ಮುಂದೆ ಪ್ರಲ್ಹಾದ ಹದಿನೈದು ವರ್ಷದ ನೌಕರಿ ಮುಗಿಸಿ ಪೆನ್ಶನ್ ತೆಗೆದುಕೊಂಡು ಊರಿಗೆ ಹೋದಾಗಲೂ ಹಳೆಯ ಕಾಗದದ ಹೆಸರೇ ಹೊಸ ಕಾಗದಕ್ಕೆ ಇಳಿಯಿತು. ಅವನು ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟ.

೧೯೮೮ರಲ್ಲಿ ಪ್ರಲ್ಹಾದ ಕಾಮಾಲೆಯಿಂದ ಸತ್ತ. ಮುಕ್ತಾ ಪ್ರಲ್ಹಾದ ಎಂಬ ಹೆಸರಿನಲ್ಲಿ ವಿಧವೆ ಅರ್ಜಿ ಹಾಕಿದಳು. ದಫ್ತರಿನಿಂದ ಉತ್ತರ ಬಂತು: ದಾಖಲೆಯಲ್ಲಿರುವ ಹೆಂಡತಿ ಭೀಮವ್ವ, ನೀವು ಯಾರು? ನಾನೇ ಭೀಮವ್ವ ಅಂದರೆ ಯಾರು ಕೇಳುತ್ತಾರೆ? ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆ ಹೆಸರಿಗೆ ಒಂದು ಚೀಟಿಯ ಆಧಾರವೂ ಇರಲಿಲ್ಲ. ತವರಿನ ಪಂಚರು ಬರೆದುಕೊಟ್ಟ ಕಾಗದ ನಡೆಯಲಿಲ್ಲ. ದಾಖಲೆ ನೋಡಿದೆನೆಂದು ಸಹಿ ಮಾಡಿದವನೇ ಹೇಳಬೇಕು ಎಂದರು. ಇತ್ತ ಅವಳ ಭಾವ ಮಾರ್ತಾಂಡನಿಗೆ ಆ ತವರಿನ ಹೆಸರು ನೆನಪಿರಲಿಲ್ಲವೋ, ನೆನಪಿಟ್ಟುಕೊಳ್ಳುವ ಮನಸ್ಸಿರಲಿಲ್ಲವೋ. ತಮ್ಮನಿಗೆ ಭೀಮವ್ವ ಎಂಬ ಲಗ್ನದ ಹೆಂಡತಿ ಬೇರೆಲ್ಲೋ ಇದ್ದಳು, ಇವಳು ಆಮೇಲಿನವಳು ಎಂದು ಊರ ತುಂಬ ಆಡಿದ. ಹೊಲದ ಪಾಲು ಕೊಡದಿರಲು ಅವನಿಗೆ ಅಷ್ಟು ಸಾಕಾಗಿತ್ತು.

೧೯೯೦ರ ಮಾರ್ಚಿನಲ್ಲಿ ಅವಳು ಶಾಲೆಯ ಮಾಸ್ತರರ ಕೈಯಿಂದ ಮರಾಠಿಯಲ್ಲಿ ಬರೆಸಿದ ಕಾಗದ ಮುಂಬಯಿಗೆ, ಹೊಳಬಸಪ್ಪನ ದಫ್ತರಿಗೆ ಬಂತು. 'ಅಣ್ಣಾ, ನಾನೇ ಭೀಮವ್ವ ಅಂತ ನಾಕು ಅಕ್ಷರ ಬರೆದುಕೊಡು. ನೀನು ಬಿಟ್ಟರೆ ಹೇಳುವವರು ಯಾರೂ ಇಲ್ಲ.' ಇಷ್ಟೇ.

ಬರೆದುಕೊಡಲು ಹತ್ತು ನಿಮಿಷ ಸಾಕಿತ್ತು. ಆದರೆ ಆ ಆಗಸ್ಟ್ ಹದಿನೈದಕ್ಕೆ ಗೌರವ ಅಧಿಕಾರಿಯ ಪದವಿ ಕೊಡುವವರ ಯಾದಿ ಹೊರಡುವುದಿತ್ತು. ಯಾದಿಯಲ್ಲಿ ತನ್ನ ಹೆಸರಿದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಈಗ ಹೋಗಿ, ಇಪ್ಪತ್ತು ವರ್ಷದ ಹಿಂದೆ ದಾಖಲೆ ನೋಡದೆಯೇ ನೋಡಿದೆನೆಂದು ಸಹಿ ಹಾಕಿದ್ದೆ ಎಂದು ಒಪ್ಪಿಕೊಳ್ಳುವುದೇ? ಆಗಸ್ಟ್ ಮುಗಿಯಲಿ, ಆಮೇಲೆ ಬರೆದರಾಯಿತು ಎಂದುಕೊಂಡ. ಆಗಸ್ಟ್ ಬಂತು, ಯಾದಿ ಬಂತು, ಅದರಲ್ಲಿ ಹೊಳಬಸಪ್ಪನ ಹೆಸರಿರಲಿಲ್ಲ. ಪದವಿಯೂ ಹೋಯಿತು, ಮಾನವೂ ಹೋಯಿತು. ಆಗಲಾದರೂ ಬರೆಯಬಹುದಿತ್ತಲ್ಲ? ಐದು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಅವಳು ಕೇಳಿದರೆ ಏನು ಹೇಳುವುದೆಂದು ನಾಚಿದ. ಐದು ತಿಂಗಳ ನಾಚಿಕೆ ವರ್ಷದ್ದಾಯಿತು, ವರ್ಷದ್ದು ಐದು ವರ್ಷದ್ದಾಯಿತು. ತಡಮಾಡಿದಷ್ಟೂ ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಇದು ಬಡ್ಡಿ ಸಾಲದ ಹಾಗೆ ಬೆಳೆಯುವ ಪಾಪ. ಅವಳಿಗೆ ಬರೆಯದ ನಾಲ್ಕು ಅಕ್ಷರದ ಬದಲಿಗೆ ಹೊಳಬಸಪ್ಪ ಇಡೀ ದೇಹೂ ರೋಡಿಗೆ ಅರ್ಜಿ ಬರೆದುಕೊಟ್ಟ. ಹಾಗೆ ಬರೆದರೆ ಎಲ್ಲೋ ಒಂದು ಕಡೆ ಸರಿಹೋಗುತ್ತದೆ ಎಂದು ನಂಬಿದ್ದನೋ ಏನೋ. ಸರಿಹೋಗಲಿಲ್ಲ.

೨೦೦೧ರಲ್ಲಿ ರಂಗೂಬಾಯಿ ಎಂಬ ಹೆಂಗಸು ಅವನ ಮೇಜಿಗೆ ಬಂದಳು. ಇಂದಾಪುರದ ಕಡೆಯವಳು, ಭೂಸೈನ್ಯದ ಸಿಪಾಯಿಯ ವಿಧವೆ. ಅವಳ ಕೆಲಸ ಆರು ತಿಂಗಳಲ್ಲಿ ಆಯಿತು. ಕೊನೆಯ ಸಲ ಬಂದಾಗ ಮನೆಯಲ್ಲಿ ಮಾಡಿದ ಶೇಂಗಾ ಚಟ್ನಿಯ ಪೊಟ್ಟಣ ತಂದಿದ್ದಳು. ಹೊಳಬಸಪ್ಪ ಎಂದಿನಂತೆ ಬೇಡವೆಂದ. ಅವಳು ಚಹಾ ಕುಡಿಯುತ್ತ ಮರಾಠಿಯಲ್ಲಿ ಹೇಳಿದಳು:

"ಕಾಕಾ, ನಮ್ಮೂರಾಗ ಇನ್ನೊಬ್ಬಾಕಿ ಇದ್ದಾಳ್ರಿ. ನಿಮ್ಮಂಗ ನೇವಿಯಾಂವನ ಹೇಣ್ತಿ, ಮುಕ್ತಾ ಅಂತ. ಪೆನ್ಶನ್ ಇಲ್ಲ, ಏನಿಲ್ಲ, ಕಬ್ಬಿನ ಹೊಲದಾಗ ಕಸಾ ತಗೀತಾಳ. ಪುಣೇಕ ಬಾ, ಅಲ್ಲೊಬ್ರು ದೇವರಂಥವರು ಅದಾರ ಅಂದೆ. ಮದಲ ಹೂಂ ಅಂದ್ಲು. ನಿಮ್ಮ ಹೆಸರು ಹೇಳಿದ ಕೂಡ್ಲೆ ಒಲ್ಲೆ ಅಂದ್ಲು ನೋಡ್ರಿ. ಯಾಕಂತ ಕೇಳಿದ್ರ ಬಾಯೇ ಬಿಡಲಿಲ್ಲ."

ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗುತ್ತದಂತೆ. ಹೊಳಬಸಪ್ಪನ ಕಣ್ಣು ಟ್ರಂಕಿನ ಕಡೆಗೆ ಹೋಯಿತು. ರಂಗೂಬಾಯಿ ಹೋದ ಮೇಲೆ ಹೆಂಡತಿಯನ್ನು ಕರೆದು, ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಒಂದೇ ಉಸಿರಿನಲ್ಲಿ ಹೇಳಿದ. ಕಾಗದ ತೆಗೆದು ಮೇಜಿನ ಮೇಲಿಟ್ಟ. ಶಿವಬಸವ್ವ ಅದನ್ನು ಮುಟ್ಟಲಿಲ್ಲ.

"ಹತ್ತ ವರ್ಷ ಬಂದ ಹೆಣ್ಣಮಕ್ಕಳಿಗೆಲ್ಲ ನನ್ನ ಕೈಲೆ ಚಾ ಕುಡಿಸೀರಿ," ಅಂದಳು. "ನನ್ನ ಗಂಡ ಎಂಥಾಂವ ಅಂತ ನಾ ಮೆರದೀನಿ. ಇದನ್ನ ಹೊಟ್ಟ್ಯಾಗ ಇಟ್ಕೊಂಡು ಹೆಂಗ ಉಂಡ್ರಿ?"

"ಉಂಡಿಲ್ಲ," ಎಂದ ಹೊಳಬಸಪ್ಪ.

"ಸುಳ್ಳ ಹೇಳಬ್ಯಾಡ್ರಿ. ದಿನಾ ನಾನ ಬಡಿಸೀನಿ, ಎರಡೆರಡು ರೊಟ್ಟಿ ಉಂಡೀರಿ. ನಾಳೆ ಮುಂಜಾನೆ ಮದಲನೇ ಬಸ್ಸಿಗೆ ಹೋಗ್ರಿ."

ಮರುದಿನ ಸ್ವಾರಗೇಟಿನಲ್ಲಿ ಅವನು ಸೋಲಾಪುರದ ಎಸ್.ಟಿ. ಬಸ್ಸು ಹಿಡಿದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ. ಕಾಗದ ತಡವಾಗಿ ಸಿಕ್ಕಿತು ಎನ್ನಲೇ? ಹಡಗಿನಲ್ಲಿದ್ದೆ, ಬೇರೆಯವರು ತೆಗೆದುಕೊಂಡು ಎಲ್ಲೋ ಇಟ್ಟರು ಎನ್ನಲೇ? ಭಿಗವಣ ದಾಟುವ ಹೊತ್ತಿಗೆ, ಕಾಗದ ಸಿಗಲೇ ಇಲ್ಲ ಎಂದುಬಿಡುವುದು ಎಲ್ಲಕ್ಕಿಂತ ಸಸಾರವೆಂದು ಅವನಿಗೆ ತೋಚಿತ್ತು. ನೋಡಿ ಮನುಷ್ಯನ ಬುದ್ಧಿ. ತಪ್ಪೊಪ್ಪಿಕೊಳ್ಳಲು ಹೊರಟವನು ದಾರಿಯಲ್ಲೇ ಹೊಸದೊಂದು ಸುಳ್ಳು ಹೊಸೆದಿದ್ದ. ಇಂದಾಪುರದಲ್ಲಿಳಿದು ಜೀಪು ಹತ್ತಿದ.

ಊರ ಅಂಚಿನಲ್ಲಿ ತಗಡು ಹೊದಿಸಿದ ಪತ್ರಾಸಿನ ಮನೆ. ಬಾಗಿಲಲ್ಲಿ ಹೊಲಿಗೆ ಯಂತ್ರದ ಮುಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಪ್ರಲ್ಹಾದನ ಹಣೆ, ಪ್ರಲ್ಹಾದನ ಗದ್ದ; ಮಗಳು ಮಾಧುರಿ ಇವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಳಗಿನಿಂದ ಭೀಮವ್ವ ಬಂದಳು. ಕೂದಲು ನೆರೆತಿತ್ತು, ಅಂಗೈ ಬಿರಿದಿತ್ತು. ಒಂದು ಗಳಿಗೆ ನೋಡಿ ಗುರುತು ಹಿಡಿದಳು. "ಯಾ, ಬಸಾ," ಬನ್ನಿ ಕೂಡ್ರಿ ಎಂದು ಮರಾಠಿಯಲ್ಲಿ ಅಂದಳು, ಪರಸ್ಥಳದವರಿಗೆ ಹೇಳುವ ಹಾಗೆ.

"ಭೀಮವ್ವಾ, ಅರಾಮದಿ ಏನವಾ?" ಎಂದು ಕನ್ನಡದಲ್ಲಿ ಕೇಳಿದ. ಅವಳು ಮರಾಠಿಯಲ್ಲೇ, ಆರಾಮವಿದ್ದೇನೆ, ನೀರು ಕುಡಿಯಿರಿ ಎಂದಳು. ಅಣ್ಣಾ ಎನ್ನಲಿಲ್ಲ. ಬಹುವಚನದ ಆ ಮರ್ಯಾದೆ ಹೊಳಬಸಪ್ಪನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ನೀರಿನ ಚಂಬು ಕೆಳಗಿಟ್ಟು ಅವನು ಬಾಯಿಪಾಠ ಒಪ್ಪಿಸತೊಡಗಿದ. "ರಂಗೂಬಾಯಿ ಹೇಳಿದ ಮ್ಯಾಲ ನನಗ ಸುದ್ದಿ ಗೊತ್ತಾತು ನೋಡು. ನೀ ಏನರ ಕಾಗದಾ ಹಾಕಿದ್ದೇನು? ನನಗ ಅದು..."

ಭೀಮವ್ವ ಎದ್ದು ಒಳಗೆ ಹೋದಳು. ಪತ್ರಾಸಿನ ಡಬ್ಬಿಯೊಂದನ್ನು ತಂದು, ಅದರೊಳಗಿನಿಂದ ಅಂಚೆಯ ಒಂದು ಸಣ್ಣ ಕಾರ್ಡು ತೆಗೆದು ಅವನ ಮುಂದಿಟ್ಟಳು. ರಿಜಿಸ್ಟರ್ ಟಪಾಲು ಮುಟ್ಟಿದೆ ಎಂಬುದಕ್ಕೆ ಪಡೆದವನು ಸಹಿ ಮಾಡಿ, ಕಳಿಸಿದವರಿಗೆ ವಾಪಸು ಬರುವ ಕಾರ್ಡು. ಕೆಳಗೆ ನೀಲಿ ಶಾಯಿಯಲ್ಲಿ ಸಹಿ, ಹೊ. ಎಂಬಲ್ಲಿ ಉದ್ದಕ್ಕೆ ಎಳೆದ ಬಾಲ. ತಾರೀಖು ೧೯೯೦ರ ಮಾರ್ಚ್ ಹದಿನಾಲ್ಕು. ಇಡೀ ಜನ್ಮ ಟಪಾಲಿನ ಮೇಲೆ ಸಹಿ ಹಾಕಿದ ಗುಮಾಸ್ತನಿಗೆ, ತನ್ನ ಸಹಿ ಟಪಾಲು ಹೊರಟ ಊರಿಗೆ ಮರಳಿ ಹೋಗಿ ಮುಟ್ಟಿರುತ್ತದೆ ಎಂಬುದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ನೆನಪಾಗಿರಲಿಲ್ಲ.

ಈಗ ಅವಳು ಕನ್ನಡದಲ್ಲಿ ಮಾತಾಡಿದಳು. ಬಹಳ ದಿನದಿಂದ ಆಡದ ಭಾಷೆ, ತಡವರಿಸಿ ಬಂತು.

"ಇದು ನಿನ್ನ ಸಹಿ ಹೌದಿಲ್ಲೋ?"

"ಹೌದು," ಎಂದ ಹೊಳಬಸಪ್ಪ.

"ಈ ಕಾರ್ಡ ಬಂದಾಗ ನಾ ಊರಿಗೆಲ್ಲ ತೋರ್ಸಿನೋ ಅಣ್ಣಾ. ನಮ್ಮಣ್ಣಗ ಮುಟ್ಟೇತಿ, ಇನ್ನ ಎಂಟ ದಿವಸಕ್ಕ ಅವನ ಕಾಗದಾ ಬರ್ತೈತಿ ಅಂತ. ಟಪಾಲಿನಾಂವ ಬಂದಾಗೊಮ್ಮೆ ಓಡ್ತಿದ್ನಿ. ಒಂದ ವರ್ಷ ಓಡಿನಿ. ಮಂದಿ ನಗಾಕತ್ರು. ನೋಡ್ರಿ, ಇಕೀ ತವರಿನಾಂವ ಸೈತ ಇಕೀನ ಭೀಮವ್ವ ಅನ್ನವಲ್ಲ ಅಂದ್ರು."

ಹೊಳಬಸಪ್ಪ ಕೈಮುಗಿದ. ತಪ್ಪಾಯಿತು ಎಂದ. ಎಲ್ಲ ಹೇಳಿದ, ನೋಡದ ದಾಖಲೆ, ಯಾದಿ, ಆಗಸ್ಟ್ ಹದಿನೈದು, ಎಲ್ಲ. ಅಫಿಡವಿಟ್ ಟೈಪ್ ಮಾಡಿಯೇ ತಂದಿದ್ದೇನೆ, ಇಲ್ಲೊಂದು ಹೆಬ್ಬೆಟ್ಟು ಒತ್ತು, ಒಂದು ವರ್ಷದೊಳಗೆ ಪೆನ್ಶನ್ ಮಾಡಿಸಿಕೊಡುತ್ತೇನೆ ಎಂದ.

"ಕಾಗದದ ಮ್ಯಾಲ ಆಮ್ಯಾಲ ಹೇಳು," ಅಂದಳು ಭೀಮವ್ವ. "ಮದಲ ಬಾಯಿಲೆ ಹೇಳು. ಮಾರ್ತಾಂಡನ ಮುಂದ ಹೇಳು, ಈ ಓಣಿಯವರ ಮುಂದ ಹೇಳು. ನನ್ನ ಮಗಳಿಗೆ ಎರಡ ಕಡೆ ನೆಂಟಸ್ತಾನ ಗೊತ್ತಾಗಿ ಮುರದಾವು. ಅವ್ವ ಲಗ್ನದಾಕಿ ಹೌದೋ ಅಲ್ಲೋ ಅಂತ. ರೊಕ್ಕದ್ದು ಇರಲಿ."

ಮಾಧುರಿ ದೊಡ್ಡಪ್ಪನನ್ನು ಕರೆತಂದಳು. ಅಕ್ಕಪಕ್ಕದ ಆರೇಳು ಜನ ತಾವಾಗಿಯೇ ಬಂದರು. ಹೊಳಬಸಪ್ಪ ಅಂಗಳದಲ್ಲಿ ನಿಂತು ಮರಾಠಿಯಲ್ಲಿ ಹೇಳಿದ: ಇವಳೇ ಭೀಮವ್ವ. ಪ್ರಲ್ಹಾದನಿಗೆ ಇವಳನ್ನು ತಂದುಕೊಟ್ಟವನು ನಾನು. ಅವನಿಗೆ ಬೇರೆ ಹೆಂಡತಿ ಯಾವತ್ತೂ ಇರಲಿಲ್ಲ. ಕಾಗದದಲ್ಲಿ ತವರಿನ ಹೆಸರು ಬರೆದ ತಪ್ಪು ನನ್ನದು, ಇವಳು ಕೇಳಿದಾಗ ಸುಮ್ಮನೆ ಕೂತ ಪಾಪವೂ ನನ್ನದೇ. ಎಪ್ಪತ್ತು ದಾಟಿದ ಮಾರ್ತಾಂಡ ಕೋಲಿನಿಂದ ನೆಲ ಗೀರುತ್ತ, ಹಳೆಯ ಮಾತು ಈಗ್ಯಾಕೆ ಎಂದು ಗೊಣಗಿದ. ಯಾರೂ ಅವನಿಗೆ ಹೂಂ ಅನ್ನಲಿಲ್ಲ.

ಜನ ಚದುರಿದ ಮೇಲೆ ಮಾಧುರಿ ಹೊಳಬಸಪ್ಪನ ಹತ್ತಿರ ಬಂದಳು. ತಾಯಿಯಿಂದ ಕಲಿತ ಅರೆಬರೆ ಕನ್ನಡದಲ್ಲಿ ಕೇಳಿದಳು:

"ಮಾಮಾ, ಭಾಳ ಮಂದೀದು ಕೆಲಸಾ ಮಾಡೀರಿ ಅಂತ ರಂಗೂಮಾವಶಿ ಹೇಳ್ತಾಳ. ನಮ್ಮ ಪಾಳಿ ಯಾವಾಗಿತ್ರಿ?"

ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. ನಿಮ್ಮ ಪಾಳಿಯೇ ಮೊದಲಿತ್ತವಾ ಎಂದು ಹೇಳಬೇಕೆಂದುಕೊಂಡವನು ಚೀಲದ ಹಾಳೆ ತೆಗೆದ. ಅಫಿಡವಿಟ್ಟಿಗೆ ಹೆಬ್ಬೆಟ್ಟು ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಪುಣೆಗೆ ಮರಳಿದ.

ಮುಂದಿನ ತಿಂಗಳು ಮುಂಬಯಿಯ ದಫ್ತರಿಗೆ ಹೋದ. ಅಲ್ಲಿ ಮಗನ ವಯಸ್ಸಿನ ಅಧಿಕಾರಿ. ಹೊಳಬಸಪ್ಪ ನೆಟ್ಟಗೆ ನಿಂತು, ದಾಖಲೆ ನೋಡದೆ ಸಹಿ ಮಾಡಿದ ರೈಟರ್ ನಾನೇ, ಏನು ಶಿಕ್ಷೆಯೋ ಕೊಡಿ ಎಂದ. ಆ ಹುಡುಗ ಕಡತ ತಿರುವಿ ಹಾಕಿ ನಕ್ಕ. "ಇಷ್ಟೇನಾ ಕಾಕಾ? ಯುದ್ಧದ ಗಡಿಬಿಡಿಯಲ್ಲಿ ಇಂಥವು ನೂರಾರು ಆಗಿವೆ. ಈ ಒಂದು ಹಾಳೆ ಆವತ್ತೇ ಕಳಿಸಿದ್ದರೆ ಆವತ್ತೇ ಆಗುತ್ತಿತ್ತಲ್ಲ," ಎಂದು ಹಿಂದಿಯಲ್ಲಿ ಹೇಳಿ, ಚಹಾ ತರಿಸಿದ. ಬೈದಿದ್ದರೆ ಹೊಳಬಸಪ್ಪನಿಗೆ ಉಸಿರಾಡಲು ಬರುತ್ತಿತ್ತೇನೋ. ಹನ್ನೊಂದು ವರ್ಷ ಯಾವ ಹುಲಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದನೋ, ಅಲ್ಲಿ ಹುಲಿಯೇ ಇರಲಿಲ್ಲ. ಆ ಚಹಾವನ್ನು ಅವನು ಕುಡಿಯಲಾರದೆ ಇಟ್ಟುಬಂದ.

ಮನೆಗೆ ಬಂದವನೇ ಟೈಪ್‌ರೈಟರಿಗೆ ಬಟ್ಟೆ ಮುಚ್ಚಿದ. ನಾನು ಯಾರಿಗೂ ಕಾಕಾ ಅಲ್ಲ, ನಾಳೆಯಿಂದ ಯಾರೂ ಬರುವುದು ಬೇಡ ಎಂದ. ಶಿವಬಸವ್ವ ಬಟ್ಟೆ ತೆಗೆದು ಝಾಡಿಸಿದಳು. "ಮೇಜು ತಗದ್ರ ಯಾರಿಗ್ರಿ ಶಿಕ್ಷಾ? ನಿಮಗಲ್ಲ, ಬಂದ ಮುದಿಕ್ಯಾರಿಗೆ. ನಿಮ್ಮ ದುಃಖದ ಸಲುವಾಗಿ ಅವರ್ಯಾಕ ಉಪವಾಸ ಬೀಳಬೇಕು? ಕೂಡ್ರಿ, ಬರೀರಿ." ಮರುದಿನ ಬೆಳಿಗ್ಗೆ ಸರತಿ ಎಂದಿನಂತೆ ಇತ್ತು. ಈಗ ದೇವಮಾಣೂಸ ಎಂದವರಿಗೆ ಅವನು ಸಿಡುಕುತ್ತಿರಲಿಲ್ಲ. ಇಂದಾಪುರದ ಹೆಣ್ಣುಮಗಳೊಬ್ಬಳಿಗೆ ನಾನು ಹೀಗೆ ಮಾಡಿದ್ದೇನೆ ಎಂದು ಕೂರಿಸಿಕೊಂಡು ಹೇಳುತ್ತಿದ್ದ. ಕೆಲವರು ಅಲ್ಲಿಂದ ಮುಂದೆ ಬರುವುದನ್ನು ಬಿಟ್ಟರು. ಹೆಚ್ಚಿನವರು, ಆಗಲಿ ಕಾಕಾ, ಈಗ ನಮ್ಮ ಅರ್ಜಿ ನೋಡಿ ಎಂದರು.

ಮಂಜೂರಾತಿ ಬರಲು ಒಂದೂವರೆ ವರ್ಷ ಹಿಡಿಯಿತು. 'ಮುಕ್ತಾ ಊರ್ಫ ಭೀಮವ್ವ' ಎಂದು ಹೊಸ ಕಾಗದದಲ್ಲಿ ಅಚ್ಚಾಗಿ ಬಂತು. ಹಿಂದಿನ ಬಾಕಿಯೂ ಒಟ್ಟಿಗೆ ಬಂತು. ಭೀಮವ್ವ ಹೊಲಕ್ಕೆ ಹೋಗುವುದನ್ನು ನಿಲ್ಲಿಸಿದಳು, ಮಾಧುರಿ ಇನ್ನೊಂದು ಯಂತ್ರ ತಂದಳು. ಈಗ ಬೇಕಾದರೆ ವರ ನೋಡೋಣ ಎಂದ ದೊಡ್ಡಪ್ಪನಿಗೆ ಮಾಧುರಿ, ನೋಡುವವರು ಆಗ ನೋಡಬೇಕಿತ್ತು ಎಂದು ಹೇಳಿ ಬಾಗಿಲು ಹಾಕಿದಳಂತೆ. ಇದನ್ನು ರಂಗೂಬಾಯಿ ಬಂದು ಹೇಳಿದಳು.

೨೦೦೩ರ ನಾಗರಪಂಚಮಿ ಹತ್ತಿರ ಬಂತು. ಉತ್ತರ ಕರ್ನಾಟಕದ ಕಡೆ ಪಂಚಮಿಗೆ ಅಣ್ಣನಾದವನು ತಂಗಿಯನ್ನು ತವರಿಗೆ ಕರೆಯಬೇಕು, ಸೀರೆ ಉಡಿಸಬೇಕು. ಭೀಮವ್ವನನ್ನು ಮೂವತ್ತೆರಡು ವರ್ಷದಲ್ಲಿ ಯಾರೂ ಕರೆದಿರಲಿಲ್ಲ. ಹೊಳಬಸಪ್ಪ ಲಕ್ಷ್ಮೀ ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿ ಒಂದು ಇಳಕಲ್ ಸೀರೆ ಆರಿಸಿದ, ಹಸಿರು ಒಡಲು, ಕೆಂಪು ಸೆರಗು. ಶಿವಬಸವ್ವ ಅಳ್ಳಿಟ್ಟು, ಶೇಂಗಾ ಉಂಡಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಅವನಿಗೆ ಬಹಳ ವರ್ಷಗಳ ಮೇಲೆ ಎದೆ ಹಗುರವಾಗಿತ್ತು. ಈ ಸೀರೆಯನ್ನು ಅವಳು ಮೈಮೇಲೆ ಹಾಕಿಕೊಂಡರೆ ತೀರಿತು, ಎಲ್ಲ ತೀರಿತು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಭೀಮವ್ವ ಈ ಸಲ ಕನ್ನಡದಲ್ಲೇ ಬಾ ಎಂದಳು. ಉಂಡಿ ಬಾಯಿಗೆ ಹಾಕಿಕೊಂಡು ವೈನಿ ಚೆನ್ನಾಗಿ ಮಾಡಿದ್ದಾಳೆ ಎಂದಳು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, 'ಅಂಚು ಭಾಳ ಚಂದೈತಿ' ಎಂದು ಬಿರಿದ ಅಂಗೈಯಿಂದ ಸೆರಗು ಸವರಿದಳು. ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು.

"ಅಣ್ಣಾ, ಒಂದ ಮಾತ ಕೇಳ್ತೀನಿ, ಖರೇ ಹೇಳು. ತಂಗಿ ಅಂತ ತಂದೀಯೋ, ನಿನ್ನ ಎದಿ ಹಗರ ಮಾಡ್ಕೊಳ್ಳಾಕ ತಂದೀಯೋ? ತಂಗಿ ಅಂತ ತಂದಿದ್ರ ಈಗ ಉಡ್ತೀನಿ. ಎದಿ ಹಗರ ಮಾಡ್ಕೊಳ್ಳಾಕಾದ್ರ ಒಯ್ಯಿ. ನಿನ್ನ ಭಾರ ಹೊರೂ ಕೆಲಸಾ ನಂದಲ್ಲ."

ತಂಗಿ ಅಂತಲೇ ತಂದೆ ಎನ್ನಲು ಎಷ್ಟು ಹೊತ್ತು? ಇನ್ನೊಬ್ಬನಾಗಿದ್ದರೆ ಅಂದುಬಿಡುತ್ತಿದ್ದ. ಹೊಳಬಸಪ್ಪನೂ ಬಾಯಿ ತೆರೆದ. ಇದೇ ಅಂಗಳದಲ್ಲಿ, ಇದೇ ಕಣ್ಣುಗಳ ಮುಂದೆ, ಸುಳ್ಳು ಹೇಳಲು ಹೋಗಿ ಒಮ್ಮೆ ಸಿಕ್ಕಿಬಿದ್ದವನು. ಬಸ್ಸಿನಲ್ಲಿ ತಾನು ಏನೆಂದುಕೊಂಡಿದ್ದೆ ಎಂಬುದು ಅವನಿಗೆ ಗೊತ್ತಿತ್ತು.

ಅವನು ಸುಮ್ಮನಿದ್ದ. ಅವಳು ಕಾದಳು. ಆಮೇಲೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗಡಿಯ ಚೀಲದಲ್ಲಿ ನೀಟಾಗಿ ಇಟ್ಟು, ಅವನ ಕೈಗೆ ಕೊಟ್ಟಳು.

"ಉಂಡು ಹೋಗು," ಅಂದಳು, "ನಾಕಕ್ಕ ಬಸ್ಸೈತಿ."

ಹೊಳಬಸಪ್ಪ ಉಂಡ. ಅವಳು ಬಡಿಸಿದ ಎರಡು ರೊಟ್ಟಿಯನ್ನೂ ಉಂಡ. ನಾಲ್ಕರ ಬಸ್ಸಿಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪುಣೆಗೆ ಹೊರಟ.